ಸಿರಿಯ ಬೆನ್ನಿಗೆ ಬಂದ ಕಾಯಿಲೆ

ಪೆಸಿಫಿಕ್ ಮಹಾಸಾಗರದ ನಡುವೆ ನೌರು ಎಂಬ ದ್ವೀಪವಿದೆ. ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರು. ಭೂಪಟದಲ್ಲಿ ಹುಡುಕಲು ಭೂತಗನ್ನಡಿಯೇ ಬೇಕು. ಅಲ್ಲಿನವರು ಒಂದು ಕಾಲಕ್ಕೆ ಮೀನು, ತೆಂಗುಗಳನ್ನು ನಂಬಿ ಬಾಳಿದವರು. ಆ ನೆಲದಲ್ಲಿ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಹೇರಳವಾಗಿತ್ತು. 1968ರಲ್ಲಿ ಸ್ವತಂತ್ರವಾದ ನೌರು ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆ, 1970ರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿಗೆ ಸೇರಿತು. ದೋಣಿ ಹತ್ತುವ ಅಗತ್ಯ ಕಡಿಮೆಯಾಯಿತು. ಅಕ್ಕಿ, ಸಕ್ಕರೆ, ಡಬ್ಬಿಯ ಮಾಂಸ ಹಡಗಿನಿಂದ ಬಂದಿಳಿಯತೊಡಗಿದವು. 1975-76ರಲ್ಲಿ ವೈದ್ಯರು ಪರೀಕ್ಷಿಸಿ ನೋಡಿದರೆ ವಯಸ್ಕರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮಧುಮೇಹ! ಮುಂದೆ ಫಾಸ್ಫೇಟ್ ಬರಿದಾಗುತ್ತ ಬಂದಂತೆ ಹಣ ಹೋಯಿತು. ಕಾಯಿಲೆ ಹೋಗಲಿಲ್ಲ.

ಹೀಗೇಕಾಯಿತು? ನಾವು ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಮೇದೋಜೀರಕಾಂಗದಲ್ಲಿ ಹುಟ್ಟುವ ಇನ್ಸುಲಿನ್ ಅದನ್ನು ಜೀವಕೋಶಗಳಿಗೆ ತಲಪಿಸುತ್ತದೆ. ದುಡಿಯುವ ಸ್ನಾಯು ಸಕ್ಕರೆಯನ್ನು ಬೇಗನೆ ಹೀರಿಕೊಳ್ಳುತ್ತದೆ. ಊಟ ಹೆಚ್ಚಿ, ಮೈದುಡಿಮೆ ತಗ್ಗಿ, ಹೊಟ್ಟೆಯ ಸುತ್ತ ಕೊಬ್ಬು ಬೆಳೆದರೆ ಇನ್ಸುಲಿನ್ನಿನ ಮಾತು ನಡೆಯದಾಗುತ್ತದೆ.

ದೂರದ ದ್ವೀಪದ ಕಥೆ ನಮಗೇಕೆ ಎನ್ನಬೇಡಿ. ನಾವಿರುವ ಕೇರಳಕ್ಕೂ 1970ರ ದಶಕದಿಂದ ಗಲ್ಫಿನ ಹಣ ಹರಿದುಬಂತು; ಕಾಸರಗೋಡಿಗೂ ಬಂತು. ಹುಲ್ಲಿನ ಮಾಡು ಹೋಗಿ ತಾರಸಿ ಬಂತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ ನೂರಕ್ಕೆ 25.5 ಮಂದಿಗೆ ಮಧುಮೇಹವಿದೆ. ದೇಶದ ಸರಾಸರಿ 11.4, ಉತ್ತರ ಪ್ರದೇಶದಲ್ಲಿ 4.8 ಮಾತ್ರ.

ಹಾಗೆಂದು ಹಿಂದಿನ ಬಡತನವೇ ಲೇಸೆಂದು ನಾವು ಹೇಳುವವರಲ್ಲ. ಹೊಟ್ಟೆಗಿಲ್ಲದೆ, ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದ ಆ ದಿನಗಳನ್ನು ಅಜ್ಜಿಯಂದಿರಲ್ಲಿ ಕೇಳಿ ನೋಡಿ.

ನಮ್ಮನ್ನು ಕಾಡುವುದು ಬೇರೆ ಸಂಗತಿ. ಸಕ್ಕರೆ ಕಾಯಿಲೆಯನ್ನು ಜನ ಇಂದಿಗೂ ‘ಶ್ರೀಮಂತರ ಕಾಯಿಲೆ’ ಎನ್ನುತ್ತಾರೆ. ಅದೇ ಮಂಡಳಿಯ 2017ರ ವರದಿ ಈ ಮಾತನ್ನು ತಿದ್ದಿತು. ತಮಿಳುನಾಡು, ಮಹಾರಾಷ್ಟ್ರಗಳಂಥ ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಉಳ್ಳವರಿಗಿಂತ ಇಲ್ಲದವರಲ್ಲಿಯೇ ಈ ರೋಗ ಹೆಚ್ಚಾಗಿ ಕಂಡುಬಂತು. ಅಗ್ಗವಾಗಿ ಸಿಗುವುದು ಮೈದಾ, ಸಕ್ಕರೆ, ಕರಿದ ತಿಂಡಿ. ತರಕಾರಿ, ಹಣ್ಣುಗಳಿಗೆ ಬೆಲೆ ಹೆಚ್ಚು. ಸಿರಿವಂತನು ಕಾಯಿಲೆಯನ್ನು ಬೇಗ ಅರಿತು ಪಥ್ಯ ಹಿಡಿಯುತ್ತಾನೆ. ಬಡವನಿಗೆ ಕಾಲಿನ ಗಾಯ ಮಾಯದಿದ್ದಾಗಲೇ ತಿಳಿಯುವುದು. ಮೊದಮೊದಲು ನೋವಿಲ್ಲ ನೋಡಿ. ನೋವಿಲ್ಲದ ಕಾಯಿಲೆಗಾಗಿ ಒಂದು ದಿನದ ಕೂಲಿ ಬಿಡಲು ಯಾರು ಒಪ್ಪುತ್ತಾರೆ?

ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ರಕ್ತಪರೀಕ್ಷೆಯ ಏರ್ಪಾಡಿದೆ. ಉಪವಾಸದಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ, ಮತ್ತೊಮ್ಮೆ ನೋಡಿ ಮಧುಮೇಹವೆಂದು ನಿರ್ಧರಿಸುತ್ತಾರೆ. ಬರುವ ವರ್ಷ ರಕ್ಷಕರ ಸಭೆಯ ದಿನವೇ ಶಾಲೆಯಲ್ಲಿ ಈ ಪರೀಕ್ಷೆ ನಡೆಸಿಕೊಡಲು ಕೇಳಿಕೊಳ್ಳುತ್ತಿದ್ದೇವೆ. ಆ ಬೆಳಗ್ಗೆ ಅಪ್ಪ ಅಮ್ಮಂದಿರು ಚಹಾ ಕೂಡ ಕುಡಿಯದೆ ಬರುವಂತೆ ನೋಡಿಕೊಳ್ಳುವ ಕೆಲಸ ಮಕ್ಕಳದು.