ಕರುವಿನ ರಕ್ತಭೇದಿ: ಮದ್ದಿನಷ್ಟೇ ಮುಖ್ಯ ಒಣ ನೆಲ

ಕರು ಬಾಲ ಎತ್ತಿ ತಿಣುಕುತ್ತದೆ. ಬೀಳುವುದು ಒಂದೆರಡು ಚಮಚದಷ್ಟು ತೆಳು ಸೆಗಣಿ. ಅದರಲ್ಲಿ ಸಿಂಬಳದಂಥ ಲೋಳೆ, ಕೆಂಪು ರಕ್ತದ ಎಳೆ. ಮಳೆಗಾಲದಲ್ಲಿ ದನ ಸಾಕುವವರಿಗೆ ಇದು ಹೊಸತಲ್ಲ. ನಮ್ಮ ಕಡೆ ಹೆಚ್ಚಿನವರು ಮೊದಲು ಜಂತುಹುಳದ ಮದ್ದು ಕುಡಿಸುತ್ತಾರೆ. ಎರಡು ದಿನ ನೋಡಿ, ಕಡಿಮೆಯಾಗದಿದ್ದರೆ ಇನ್ನೊಮ್ಮೆ. ಅಷ್ಟರಲ್ಲಿ ಕರು ಏಳಲಾರದೆ ಮಲಗಿರುತ್ತದೆ. ಒಳ್ಳೆ ತಳಿಯ ಹೆಣ್ಣು ಕರುವಾದರೆ ಸಣ್ಣ ಕೃಷಿಕನ ಎರಡು-ಮೂರು ವರ್ಷದ ಲೆಕ್ಕಾಚಾರವೇ ತಲೆಕೆಳಗು.

ಈ ಭೇದಿ ಸಾಮಾನ್ಯವಾಗಿ ಹುಳದ್ದಲ್ಲ. ಹುಳದ ಮದ್ದು ಇದಕ್ಕೆ ತಾಗುವುದೇ ಇಲ್ಲ.

ಒಳಗೆ ಆಗುವುದೇನು?

ದೊಡ್ಡ ಕರುಳಿನ ಒಳಪದರ ಬಾತು ಹುಣ್ಣಾಗುವುದಕ್ಕೆ ವೈದ್ಯರು ಕೊಲೈಟಿಸ್ ಅನ್ನುತ್ತಾರೆ. ಕರುಗಳಲ್ಲಿ ಇದಕ್ಕೊಂದು ಮುಖ್ಯ ಕಾರಣ ಕಾಕ್ಸಿಡಿಯಾ ಎಂಬ ಏಕಕೋಶ ಜೀವಿ. ಕಣ್ಣಿಗೆ ಕಾಣದು. ದೊಡ್ಡ ದನಗಳ ಕರುಳಿನಲ್ಲೂ ಇರುತ್ತದೆ. ಅವುಗಳಿಗೆ ತೊಂದರೆ ಕೊಡದೆ, ಮೊಟ್ಟೆಯಂಥ ಕಣವಾಗಿ ಸೆಗಣಿಯಲ್ಲಿ ಹೊರಬೀಳುತ್ತದೆ. ಬಿದ್ದ ಕೂಡಲೇ ಅದರಿಂದ ರೋಗ ಬಾರದು. ತೇವ, ಹದವಾದ ಸೆಕೆ, ಗಾಳಿ ಸಿಕ್ಕರೆ ಕೆಲವು ದಿನಗಳಲ್ಲಿ ಬಲಿಯುತ್ತದೆ. ಆಮೇಲೆ ಕರು ಹುಲ್ಲಿನೊಂದಿಗೋ ನೀರಿನೊಂದಿಗೋ ಅದನ್ನು ನುಂಗಿದರೆ ಕರುಳಿನ ಜೀವಕೋಶದೊಳಗೆ ಹೊಕ್ಕು, ಒಂದು ಇದ್ದದ್ದು ಲಕ್ಷಗಟ್ಟಲೆ ಆಗಿ, ಆ ಕೋಶಗಳನ್ನು ಒಡೆದುಕೊಂಡು ಹೊರಬರುತ್ತದೆ. ನಾವು ನೋಡುವ ರಕ್ತ ಅದೇ.

ಇಷ್ಟೆಲ್ಲ ಆಗಲು ಸುಮಾರು ಮೂರು ವಾರ ಬೇಕು. ಅಂದರೆ ರಕ್ತ ಕಂಡ ದಿನ ರೋಗ ಶುರುವಾದ ದಿನವಲ್ಲ. ಕ್ಯಾಲೆಂಡರಿನಲ್ಲಿ 20 ದಿನ ಹಿಂದೆ ಹೋಗಿ, ಆಗ ಕರು ಎಲ್ಲಿತ್ತು, ಏನು ತಿನ್ನುತ್ತಿತ್ತು ಅಂತ ನೋಡಿ. ಕಾರಣ ಅಲ್ಲಿ ಸಿಗುತ್ತದೆ.

ವಯಸ್ಸು ನೋಡಿ

ಭೇದಿಯೆಲ್ಲ ಒಂದೇ ಅಲ್ಲ. ಹುಟ್ಟಿ ನಾಲ್ಕೈದು ದಿನದೊಳಗೆ ನೀರಿನಂಥ ಭೇದಿಯಾದರೆ ಅದು ಹೆಚ್ಚಾಗಿ ಬ್ಯಾಕ್ಟೀರಿಯಾದ್ದು. ಗಿಣ್ಣುಹಾಲು ಸಾಕಷ್ಟು ಸಿಗದ ಕರುಗಳಿಗೆ ಬೇಗ ಹಿಡಿಯುತ್ತದೆ. ಮೂರು ವಾರದಿಂದ ಆರು ತಿಂಗಳವರೆಗಿನ ಕರುವಿಗೆ ಲೋಳೆ, ರಕ್ತ, ತಿಣುಕಾಟ ಮೂರೂ ಇದ್ದು ಜೋರು ಜ್ವರವಿಲ್ಲದಿದ್ದರೆ ಕಾಕ್ಸಿಡಿಯಾ ಅಂತ ಮೊದಲು ಸಂಶಯಪಡಬೇಕು. ಜ್ವರ ಜೋರಾಗಿದ್ದು ಸೆಗಣಿಗೆ ಕೊಳೆತ ವಾಸನೆ ಇದ್ದರೆ ಸಾಲ್ಮೊನೆಲ್ಲಾ ಇರಬಹುದು. ಅದು ಮನುಷ್ಯರಿಗೂ ದಾಟುತ್ತದೆ. ಮಕ್ಕಳನ್ನು ಹಟ್ಟಿಯಿಂದ ದೂರ ಇಡಿ, ಕೈ ಸೋಪಿನಲ್ಲಿ ತೊಳೆಯಿರಿ.

ಹೊಸ ಸೆಗಣಿಯನ್ನು ಸಣ್ಣ ಡಬ್ಬದಲ್ಲಿ ಪಶು ಆಸ್ಪತ್ರೆಗೆ ಒಯ್ದರೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತ ಕಂಡ ಮೊದಲ ದಿನ ಕಣ ಕಾಣದೆಯೂ ಇರಬಹುದು. ಎರಡು ದಿನ ಬಿಟ್ಟು ಮತ್ತೊಮ್ಮೆ ಕೊಡಿ.

ಮೊದಲು ನೀರು

ಕರುವನ್ನು ಕೊಲ್ಲುವುದು ಹೆಚ್ಚಾಗಿ ನೀರು, ಉಪ್ಪಿನಂಶ ಖಾಲಿಯಾಗುವುದು. ಕುತ್ತಿಗೆಯ ಚರ್ಮ ಚಿವುಟಿ ಬಿಡಿ. ತಕ್ಷಣ ಮೊದಲಿನಂತಾಗದೆ ಮಡಿಕೆ ನಿಂತರೆ, ಕಣ್ಣು ಗುಳಿಬಿದ್ದಿದ್ದರೆ ನೀರು ತುಂಬಾ ಹೋಗಿದೆ ಅಂತ ಅರ್ಥ. 30 ಕಿಲೋದ ಕರು ತನ್ನ ತೂಕದ ನೂರಕ್ಕೆ 8 ಪಾಲು ಕಳೆದುಕೊಂಡರೆ ಎರಡೂವರೆ ಲೀಟರಿನ ಹತ್ತಿರ ಕೊರತೆ.

ಅಂಗಡಿಯ ಓ.ಆರ್.ಎಸ್. ಪೊಟ್ಟಣ ಆದೀತು. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ. ಇದನ್ನು ಉಗುರು ಬೆಚ್ಚಗೆ, ದಿನಕ್ಕೆ ನಾಲ್ಕೈದು ಸಲ ಕೊಡಿ. ಹಾಲು ನಿಲ್ಲಿಸಬೇಡಿ, ಆದರೆ ಹಾಲಿಗೂ ಇದಕ್ಕೂ ಎರಡು-ಮೂರು ಗಂಟೆ ಅಂತರ ಇರಲಿ. ತಲೆ ಎತ್ತಲಾಗದ ಕರುವಿನ ಬಾಯಿಗೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಅದಕ್ಕೆ ಡ್ರಿಪ್ಪೇ ಆಗಬೇಕು.

ಮದ್ದು

ಆಂಪ್ರೋಲಿಯಂ, ಸಲ್ಫಾ ಜಾತಿಯ ಔಷಧಗಳು ಹಳೆಯವು. ಒಂದೇ ಸಲ ಕುಡಿಸುವ ಟಾಲ್ಟ್ರಾಜುರಿಲ್ ಕೂಡ ಇದೆ. ಆಂಪ್ರೋಲಿಯಂ ಚಿಕಿತ್ಸೆಯ ಪ್ರಮಾಣ ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ, ಐದು ದಿನ. ಪುಡಿಯ ಪೊಟ್ಟಣದಲ್ಲಿ ಔಷಧದ ಅಂಶ ನೂರಕ್ಕೆ ಎಷ್ಟು ಅಂತ ಬರೆದಿರುತ್ತದೆ. ಪುಡಿಯ ತೂಕವೇ ಔಷಧದ ತೂಕವಲ್ಲ. ಬೇಗ ಗುಣವಾಗಲಿ ಅಂತ ಹೆಚ್ಚು ಹಾಕಿದರೆ ಬಿ1 ಜೀವಸತ್ವದ ಕೊರತೆ ಬರುತ್ತದೆ. ಯಾವುದು, ಎಷ್ಟು ಅಂತ ಪಶುವೈದ್ಯರೇ ಹೇಳಲಿ.

ಇನ್ನೊಂದು ಮಾತು. ಒಂದು ಕರುವಿಗೆ ರಕ್ತ ಬಿದ್ದಾಗ ಅದರ ಜೊತೆಗಿದ್ದವೂ ಕಣ ನುಂಗಿಯೇ ಇರುತ್ತವೆ. ಅವುಗಳಿಗೂ ಮದ್ದು ಕೇಳಿ. ರೋಗ ಕಾಣುವ ಮೊದಲು ಕೊಟ್ಟ ಮದ್ದಿಗೇ ಬಲ ಜಾಸ್ತಿ.

ಹಟ್ಟಿ

ನಮ್ಮದು ಸೊಪ್ಪು ಹಾಸುವ ಹಟ್ಟಿ. ಗೊಬ್ಬರಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಅದರ ಅಡಿಯ ತೇವ, ನೆರಳು ಈ ಕಣಗಳಿಗೆ ಹೇಳಿ ಮಾಡಿಸಿದ ಜಾಗ, ತಿಂಗಳುಗಟ್ಟಲೆ ಬದುಕುತ್ತವೆ. ಫಿನಾಯಿಲಿಗೆ ಬಗ್ಗುವುದಿಲ್ಲ. ಬಿಸಿಲು, ಒಣಗುವುದು, ಕುದಿನೀರು ಇವಕ್ಕೆ ಸಾಯುತ್ತವೆ. ಅದಕ್ಕೇ ನಾನು ಕರುಗಳನ್ನು ಸೊಪ್ಪಿನ ಮೇಲೆ ಕಟ್ಟುವುದಿಲ್ಲ. ಮೂಲೆಯಲ್ಲಿ ಒಂದು ಅಡಿ ಎತ್ತರಕ್ಕೆ ಅಡಿಕೆ ಸಲಾಕೆಗಳನ್ನು ಕಾಲು ಸಿಕ್ಕಿಕೊಳ್ಳದಷ್ಟು ಸಂದು ಬಿಟ್ಟು ಬಡಿದಿದ್ದೇನೆ. ಮೂತ್ರ, ಸೆಗಣಿ ಕೆಳಗೆ ಇಳಿಯುತ್ತದೆ. ಮೇಲೆ ಒಣ ಬೈಹುಲ್ಲು, ದಿನಾ ಬದಲು.

ಹುಲ್ಲು, ನೀರು ನೆಲದಲ್ಲಿ ಇಡಬಾರದು. ಕರುವಿನ ಎದೆಯ ಎತ್ತರಕ್ಕಿದ್ದರೆ ಸೆಗಣಿ ಬೀಳುವುದು ಕಡಿಮೆ. ಹಸಿ ಸೆಗಣಿನೀರು ಬಿಟ್ಟ ತಾಕಿನ ಹುಲ್ಲು ದೊಡ್ಡ ದನಕ್ಕಿರಲಿ, ಕರುವಿಗೆ ಬೇಡ. ಕರುವಿನ ಹಾಸನ್ನು ರಾಶಿ ಹಾಕಿ ಬಿಸಿಯೇರಲು ಬಿಡಿ. ಕೋಳಿಗೂ ಕಾಕ್ಸಿಡಿಯಾ ಬರುತ್ತದೆ, ಆದರೆ ಅದರ ಜಾತಿ ಬೇರೆ. ಕೋಳಿಯದು ಕರುವಿಗೆ ಹಿಡಿಯದು.

ಹಟ್ಟಿಯಿಂದ ಇದನ್ನು ಪೂರ್ತಿ ಓಡಿಸಲು ಆಗದು, ಓಡಿಸಬೇಕೆಂದೂ ಇಲ್ಲ. ಸ್ವಲ್ಪ ಸ್ವಲ್ಪ ಕಣ ಹೊಟ್ಟೆಗೆ ಹೋದರೆ ಕರುವಿಗೆ ತಡೆದುಕೊಳ್ಳುವ ಶಕ್ತಿ ಬರುತ್ತದೆ. ಒಮ್ಮೆಲೇ ರಾಶಿ ಹೋದರೆ ರಕ್ತ ಬೀಳುತ್ತದೆ. ನಮ್ಮ ಕೈಲಿರುವುದು ಆ ರಾಶಿಯನ್ನು ಕಡಿಮೆ ಮಾಡುವುದು. ಹಾಲು ಬಿಡಿಸುವಾಗ, ಕರುವನ್ನು ಬೇರೆ ಊರಿಗೆ ಸಾಗಿಸಿದಾಗ, ಜಡಿಮಳೆ ಹಿಡಿದಾಗ ಕರು ಸೊರಗಿರುತ್ತದೆ. ಆ ದಿನಗಳಲ್ಲಾದರೂ ನೆಲ ಒಣಗಿರುವಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಕರುವಿನ ಜಾಗ ಒಣಗಿಸಲು ಬೇರೆ ಉಪಾಯ ಮಾಡಿದವರಿದ್ದರೆ ಪತ್ರಿಕೆಗೆ ಬರೆಯಿರಿ, ಎಲ್ಲರಿಗೂ ಉಪಕಾರವಾದೀತು.