ಚಕ್ರಬಡ್ಡಿಯ ಲೆಕ್ಕವೂ ಬತ್ತದ ಹುಟ್ಟುವಳಿಯೂ

ಬಡ್ಡಿ ಬೆಳೆಯುವ ಬಗೆ ಎರಡೆಂಬುದನ್ನು ಗ್ರಾಮದ ಮುಖಂಡರಿಗೂ ಭೂಮಾಲಿಕರಿಗೂ ಹೇಳಿಕೊಡಬೇಕಾದುದಿಲ್ಲ. ಸರಳಬಡ್ಡಿಯಲ್ಲಿ ವರ್ಷವರ್ಷವೂ ಕೂಡುವ ಮೊತ್ತ ಒಂದೇ. ಚಕ್ರಬಡ್ಡಿಯಲ್ಲಾದರೋ ಕೂಡಿದ ಬಡ್ಡಿಯೇ ಅಸಲಾಗಿ ಮತ್ತೆ ಬಡ್ಡಿಯನ್ನು ಹಡೆಯುವುದು. ಹೊಸ ತಳಿ, ಹೊಸ ಗೊಬ್ಬರ, ಹೊಸ ಯಂತ್ರಗಳಿಂದ ಒದಗುವ ಏಳಿಗೆಯನ್ನು ಎಣಿಸುವಾಗ ಅನೇಕರು ತಮಗರಿವಿಲ್ಲದೆಯೇ ಚಕ್ರಬಡ್ಡಿಯ ಲೆಕ್ಕವನ್ನು ಹಿಡಿಯುತ್ತಾರೆ. ತಂದೆಯ ಕಾಲಕ್ಕಿಂತ ತನ್ನ ಕಾಲದಲ್ಲಿ ಫಸಲು ಇಮ್ಮಡಿಯಾದುದರಿಂದ ಮಗನ ಕಾಲಕ್ಕೆ ಮತ್ತೆ ಇಮ್ಮಡಿಯಾಗಲೇಬೇಕೆಂಬುದು ಅವರ ನಂಬಿಕೆ. ಈ ನಂಬಿಕೆಯ ಮೇಲೆ ಗದ್ದೆಯನ್ನು ಅಡವಿಡುವವರೂ ಇರುವುದರಿಂದ ಇದನ್ನು ಪರಾಮರ್ಶಿಸುವುದು ಅವಶ್ಯಕ.

ಭಾರತದೇಶದಲ್ಲಿ ಹೆಕ್ಟೇರಿಗೆ ದೊರೆತ ಅಕ್ಕಿಯ ಸರಾಸರಿಯು ೧೯೫೦-೫೧ರಲ್ಲಿ ಸುಮಾರು ೬೭೦ ಕಿಲೋಗ್ರಾಂ; ೧೯೯೦-೯೧ರಲ್ಲಿ ಸುಮಾರು ೧,೭೪೦. ನಲವತ್ತು ವರ್ಷಗಳಲ್ಲಿ ಎರಡೂವರೆ ಪಾಲಿಗೂ ಮೀರಿ ಹೆಚ್ಚಿತು. ಇದೇ ಪ್ರಮಾಣವು ಚಕ್ರಬಡ್ಡಿಯಂತೆ ಮುಂದುವರಿದಿದ್ದರೆ ೨೦೨೧-೨೨ರ ಸರಾಸರಿಯು ೩,೬೦೦ನ್ನು ದಾಟಬೇಕಾಗಿದ್ದಿತು. ದೊರೆತದ್ದು ಸುಮಾರು ೨,೮೦೦ ಮಾತ್ರ. ವರ್ಷಕ್ಕೆ ಇಪ್ಪತ್ತೈದು ಮೂವತ್ತು ಕಿಲೋಗ್ರಾಂಗಳ ಆಸುಪಾಸಿನಲ್ಲಿ, ಸರಳಬಡ್ಡಿಯ ರೀತಿಯಲ್ಲಿ, ಹುಟ್ಟುವಳಿಯು ಏರುತ್ತ ಬಂದಿದೆ. ಇದು ಅಲ್ಪವೆಂದು ಯಾರೂ ಭಾವಿಸಬಾರದು. ಆದರೆ ಗುಣಿಸುವ ಲೆಕ್ಕವಂತೂ ಅಲ್ಲ.

ಇದಕ್ಕೆ ಕಾರಣವು ಪೈರಿನಲ್ಲಿಯೇ ಇರುವುದು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯು ೧೯೬೬ರಲ್ಲಿ ಐ.ಆರ್. ೮ ಎಂಬ ತಳಿಯನ್ನು ಹೊರತಂದಿತು. ಇಂಡೊನೇಷಿಯದ ಎತ್ತರದ ‘ಪೇಟ’ ತಳಿಗೆ ತೈವಾನಿನ ಗಿಡ್ಡ ತಳಿಯೊಂದನ್ನು ಕೂಡಿಸಿ ಪಡೆದದ್ದು ಇದು. ನಮ್ಮ ರೈತರಿಗೆ ಚಿರಪರಿಚಿತವಾದ, ೧೯೬೮ರ ‘ಜಯ’ವೂ ಗಿಡ್ಡ ಜಾತಿಯದೇ. ಹಳೆಯ ಎತ್ತರದ ಪೈರಿನ ಒಟ್ಟು ತೂಕದಲ್ಲಿ ಕಾಳು ಮೂರರಲ್ಲೊಂದು ಪಾಲಿನಷ್ಟು, ಮಿಕ್ಕುದೆಲ್ಲ ಹುಲ್ಲು. ಗೊಬ್ಬರ ಹೆಚ್ಚಿದರೆ ಅದು ಒರಗಿ ಬೀಳುತ್ತಿದ್ದಿತು. ಗಿಡ್ಡ ಪೈರು ನೆಟ್ಟಗೆ ನಿಂತು ಗೊಬ್ಬರವನ್ನು ತಾಳಿಕೊಂಡಿತು. ಕಾಳಿನ ಪಾಲು ಅರ್ಧದ ಸಮೀಪಕ್ಕೆ ಬಂದಿತು. ಮೂರರಲ್ಲೊಂದನ್ನು ಅರ್ಧ ಮಾಡಬಹುದು; ಅರ್ಧವನ್ನು ಇಮ್ಮಡಿಸಿದರೆ ಹುಲ್ಲೇ ಇಲ್ಲದ ಪೈರಾಗಬೇಕು! ಕಾಳನ್ನು ತುಂಬುವುದು ಎಲೆ, ಎಲೆಯನ್ನು ಹೊರುವುದು ಕಾಂಡ. ಬಿಸಿಲನ್ನು ಹೆಚ್ಚಿಸುವ ಉಪಾಯವು ಯಾರಲ್ಲಿಯೂ ಇಲ್ಲ. ಐ.ಆರ್. ೮ ಅತ್ಯುತ್ತಮ ಸ್ಥಿತಿಯಲ್ಲಿ ಹೆಕ್ಟೇರಿಗೆ ಸುಮಾರು ೧೦ ಟನ್, ಎಂದರೆ ಎಕರೆಗೆ ೪೦ ಕ್ವಿಂಟಾಲು ಬತ್ತ ಕೊಡಬಲ್ಲುದಾಗಿದ್ದಿತು. ಉಷ್ಣದೇಶಗಳ ಸಾಧಾರಣ ತಳಿಗಳ ಪರಮಾವಧಿಯು ಇಂದಿಗೂ ಅದರ ಆಸುಪಾಸಿನಲ್ಲಿಯೇ ಇದೆ. ಸಂಕರ ತಳಿಗಳು ಸ್ವಲ್ಪ ಮುಂದಿವೆ, ಅಷ್ಟೆ.

ಹಾಗಾದರೆ ಸಂಶೋಧನೆಯು ನಿಂತಿತೆಂದು ಅರ್ಥವಲ್ಲ. ಅದು ಬೇರೆ ಕಡೆಗೆ ತಿರುಗಿತು. ೧೯೭೬ರ ಐ.ಆರ್. ೩೬, ಐ.ಆರ್. ೮ ತೆಗೆದುಕೊಳ್ಳುತ್ತಿದ್ದ ಸುಮಾರು ೧೩೦ ದಿನಗಳಿಗೆ ಬದಲು ೧೧೦ ದಿನಗಳಲ್ಲಿಯೇ ಕೊಯ್ಲಿಗೆ ಬಂದಿತು. ಹಲವು ರೋಗಕೀಟಗಳನ್ನೂ ತಡೆದುಕೊಂಡಿತು. ಸರಾಸರಿಯು ಏರುತ್ತಿರುವುದು ಬಹುಮಟ್ಟಿಗೆ ಹಿಂದುಳಿದ ಗದ್ದೆಗಳು ಮುಂದಿನವನ್ನು ಸಮೀಪಿಸುತ್ತಿರುವುದರಿಂದ. ಎಕರೆಗೆ ೧೫ ಕ್ವಿಂಟಾಲು ಬೆಳೆಯುವವನಿಗೆ ನೀರು, ಬೀಜ, ಗೊಬ್ಬರಗಳ ಕ್ರಮದಿಂದ ಇನ್ನೂ ಬಹಳ ಅವಕಾಶವುಂಟು. ೩೦ ಬೆಳೆಯುವವನಿಗೆ ಅಷ್ಟಿಲ್ಲ. ಮತ್ತೊಂದು ಮೂಟೆ ಗೊಬ್ಬರವು ಮೊದಲಿನ ಮೂಟೆಯಷ್ಟು ಫಲ ಕೊಡದು.

ನೂರಕ್ಕೆ ೧೨ರಂತೆ ಚಕ್ರಬಡ್ಡಿಯ ಸಾಲವು, ನಡುವೆ ತೀರಿಸದಿದ್ದರೆ, ಆರು ವರ್ಷಗಳಲ್ಲಿ ಬಹುತೇಕ ಇಮ್ಮಡಿಯಾಗುವುದು. ಕೊಳವೆಬಾವಿಗಾಗಲಿ ಯಂತ್ರಕ್ಕಾಗಲಿ ಸಾಲವೆತ್ತುವ ಮೊದಲು ಸ್ವಂತ ಗದ್ದೆಯ ಕಳೆದ ಐದು ಸುಗ್ಗಿಗಳ ಲೆಕ್ಕವನ್ನು, ಮಳೆ ಕೈಕೊಟ್ಟ ವರ್ಷವನ್ನು ಬಿಡದೆ, ಬರೆದಿಟ್ಟುಕೊಂಡು, ಆ ಸರಾಸರಿಯಿಂದಲೇ ಕಂತು ತೀರುವುದೋ ಇಲ್ಲವೋ ಎಂಬುದನ್ನು ನೋಡತಕ್ಕದ್ದು. ಬರಲಿರುವ ತಳಿಯ ಹೆಚ್ಚುವರಿ ಇಳುವರಿಯನ್ನು ಈ ಲೆಕ್ಕದಲ್ಲಿ ಸೇರಿಸಕೂಡದು.