ಪಹಣಿ ಗಣಕಕ್ಕೆ ಬಂದ ಬಗೆ

ಶಾಮನೂರಿನ ಆಸುಪಾಸಿನಲ್ಲಿ ಭತ್ತ ಬೆಳೆಯುವ ರೈತನು ಬೆಳೆಸಾಲಕ್ಕೆ ಹೋದರೆ ಮೊದಲು ಕೇಳುವುದು ಪಹಣಿ. ಹಿಂದೆ ಅದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಸುಮಾರು 2000ದ ಇಸವಿಯಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸತೊಡಗಿತು.

ಇಂಥ ಯೋಜನೆಯಲ್ಲಿ ತಂತ್ರಾಂಶವನ್ನು ರಚಿಸುವುದು ಕೆಲಸದ ಒಂದು ಪಾಲು ಮಾತ್ರ. ನಿರ್ವಹಣೆಯೇ ಕಠಿಣವಾದುದು. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತುಂಬಿ, ಪ್ರತಿಯೊಂದನ್ನೂ ಮೂಲದೊಡನೆ ತಾಳೆ ನೋಡಬೇಕಾಗಿತ್ತು. ಒಂದು ಸರ್ವೆ ನಂಬರು ತಪ್ಪಿದರೂ ಒಬ್ಬನ ಹೊಲ ಇನ್ನೊಬ್ಬನ ಹೆಸರಿಗೆ ಹೋದೀತು! ಆದುದರಿಂದ ಮೊದಲು ಕೆಲವೇ ತಾಲ್ಲೂಕುಗಳಲ್ಲಿ ಪರೀಕ್ಷಿಸಿ, ಆಮೇಲೆ ಉಳಿದೆಡೆಗೆ ವಿಸ್ತರಿಸಿದರು. ಗ್ರಾಮಲೆಕ್ಕಿಗರಿಗೇ ತರಬೇತಿಯಿತ್ತರು. ಗಣಕವನ್ನು ತೆರೆಯಲು ಬೆರಳಿನ ಗುರುತನ್ನು ಕಡ್ಡಾಯಗೊಳಿಸಿದ್ದರಿಂದ, ಯಾವ ತಿದ್ದುಪಡಿ ಯಾರದೆಂಬುದು ತಿಳಿಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗುವಂತೆ ತಂತ್ರಾಂಶವನ್ನು ಅಳವಡಿಸಿದರು.

ನನಗೆ ಹೆಚ್ಚು ದಿಟ್ಟವಾಗಿ ತೋರುವುದು ಬೇರೊಂದು ನಿರ್ಧಾರ. ಗಣಕದ ಪಹಣಿ ದೊರೆಯತೊಡಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿದರು. ಎರಡೂ ಉಳಿದಿದ್ದರೆ, ಒಂದೇ ಹೊಲಕ್ಕೆ ಎರಡು ಲೆಕ್ಕಗಳಾಗುತ್ತಿದ್ದವು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಗೆ ಅಣ್ಣತಮ್ಮಂದಿರಲ್ಲಿ ಯಾರಾದರೂ ತಕರಾರು ಹೂಡಿದರೆ ಅದನ್ನು ಮಾತ್ರ ಯಂತ್ರಕ್ಕೆ ಬಿಡದೆ, ಅಧಿಕಾರಿಗಳ ವಿಚಾರಣೆಗೆ ಉಳಿಸಿಕೊಂಡರು.